ಯಾವ ಮರದ ಬಂದಳಿಕೆ?

ನಾನು ಹರ್ಬೇರಿಯಂನಲ್ಲಿ ಕೆಲಸ ಮಾಡುತ್ತೇನೆ. ಗಿಡಗಳನ್ನು ತಂದು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ಬೀರುವಿನಲ್ಲಿ ಜೋಡಿಸುವ ಕೆಲಸ. ಸೇರಿದ ಮೊದಲ ವರ್ಷ ಬಂದಳಿಕೆಯ ಹಾಳೆಯೊಂದರಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬಂದಳಿಕೆಯನ್ನು ನೀವೆಲ್ಲ ನೋಡಿರುತ್ತೀರಿ. ಕೆಲವು ಕಡೆ ಬದನಿಕೆ ಅಂತಾರೆ. ಮಾವು, ಸಪೋಟ, ಹೊಂಗೆಯ ಕೊಂಬೆ ಮೇಲೆ ಬೇರೆಯದೇ ಹಸಿರಿನ ಪೊದೆಯಾಗಿ ಕೂತಿರುತ್ತದೆ. ಎಲೆ ಹಸಿರಿರುವುದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣ ಮಾತ್ರ ಮರದ್ದು. ಅದಕ್ಕೇ ಇದನ್ನು ಅರೆಪರಾವಲಂಬಿ ಅನ್ನುತ್ತಾರೆ.

ಆ ದಿನ ನನಗೆ ಸಿಕ್ಕಿದ್ದು ರಸ್ತೆ ಬದಿಯ ಹಳೇ ಮಾವಿನ ಮರ. ಮೇಲೆ ದೊಡ್ಡ ಬಂದಳಿಕೆ, ತುಂಬ ಹೂ. ದೋಟಿಗೆ ಕುಡುಗೋಲು ಕಟ್ಟಿ ಎರಡು ಕವಲು ಕೆಡವಿದೆ. ಅದು ಮರಕ್ಕೆ ಕೂಡಿಕೊಂಡ ಜಾಗ ಎತ್ತರದಲ್ಲಿತ್ತು, ಹೋಗಲಿ ಅಂತ ಬಿಟ್ಟೆ. ಒಂದು ಕವಲಿನಲ್ಲಿ ಉದ್ದನೆಯ ಕಿತ್ತಳೆ ಹೂಗಳಿದ್ದವು. ಇನ್ನೊಂದರಲ್ಲಿ ದಪ್ಪ ದೊಡ್ಡ ಎಲೆಗಳ ನಡುವೆ ಚಿಕ್ಕ ಚಿಕ್ಕ ಎಲೆ, ಪುಟ್ಟ ಕಾಯಿ. ಎಳೇ ಕವಲಿರಬೇಕು ಅಂದುಕೊಂಡೆ. ಎರಡನ್ನೂ ಒಂದೇ ಹಾಳೆಗೆ ಅಂಟಿಸಿ, ಬಂದಳಿಕೆಯ ವೈಜ್ಞಾನಿಕ ಹೆಸರು ಹಾಕಿ ‘ಡೆಂಡ್ರೊಫ್ತೋಯಿ ಫಾಲ್ಕೇಟ, ಮಾವಿನ ಮರದ ಮೇಲೆ’ ಅಂತ ಲೇಬಲ್ ಬರೆದೆ.

ನಮ್ಮ ಹಿರಿಯ ಮೇಡಂ ಹಾಳೆಯನ್ನು ಕಿಟಕಿ ಹತ್ತಿರ ಒಯ್ದು ಲೆನ್ಸ್ ಹಿಡಿದರು.

“ಇದು ಯಾವ ಮರದ್ದಮ್ಮ?”

“ಮಾವಿನದು ಮೇಡಂ.”

“ದೊಡ್ಡೆಲೆಯದು ಮಾವಿನದು, ಸರಿ. ಈ ಚಿಕ್ಕೆಲೆಯದು?”

ಲೆನ್ಸ್ ನನ್ನ ಕೈಗೆ ಕೊಟ್ಟು, ಕಡ್ಡಿಯ ಮೇಲೆ ಒಂದು ಜಾಗ ತೋರಿಸಿದರು. ಬಂದಳಿಕೆಯ ಬೂದು ತೊಗಟೆ ಅಲ್ಲಿ ಸ್ವಲ್ಪ ಉಬ್ಬಿತ್ತು. ಆ ಉಬ್ಬಿನಿಂದ ಬೇರೆ ಬಣ್ಣದ, ನಯವಾದ ಕಡ್ಡಿಯೊಂದು ಎದ್ದಿತ್ತು. ತೊಗಟೆಯಿಂದ ತೊಗಟೆಗೆ ಹೊಂದಿಕೆಯೇ ಇಲ್ಲ. ಕವಲು ಒಡೆದ ಜಾಗ ಅಲ್ಲ ಅದು, ಇನ್ನೊಂದು ಗಿಡ ನಾಟಿಕೊಂಡ ಜಾಗ. ಮಾವಿನ ಮೇಲೆ ಬಂದಳಿಕೆ, ಬಂದಳಿಕೆಯ ಮೇಲೆ ವಿಸ್ಕಮ್ ಅನ್ನುವ ಇನ್ನೊಂದು ಪರಾವಲಂಬಿ. ಎರಡು ಕುಟುಂಬದ ಎರಡು ಗಿಡಗಳನ್ನು ನಾನು ಒಂದೇ ಹೆಸರಿನಡಿ ಅಂಟಿಸಿದ್ದೆ. ವಿಸ್ಕಮ್ ಕ್ಯಾಪಿಟೆಲ್ಲೇಟಮ್ ಎಂಬ ಜಾತಿ ಹೀಗೆ ಬಂದಳಿಕೆಗಳ ಮೇಲೆಯೇ ಬೆಳೆಯುವುದಕ್ಕೆ ಹೆಸರಾಗಿದೆ ಅಂತ ಅವತ್ತೇ ಗೊತ್ತಾಗಿದ್ದು.

ಹೂ ನೋಡಿದ್ದರೂ ಸಾಕಿತ್ತು. ಬಂದಳಿಕೆಯ ಹೂ ಉದ್ದನೆಯ, ಸ್ವಲ್ಪ ಬಾಗಿದ ಕೊಳವೆ. ತುದಿಯಲ್ಲಿ ಐದು ಎಸಳು, ಗಂಡು ಹೆಣ್ಣು ಭಾಗ ಎರಡೂ ಅದರಲ್ಲೇ. ಬಲಿತ ಮೊಗ್ಗಿನ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಪಟ್ಟನೆ ಬಿರಿಯುತ್ತದೆ. ಮರದ ಮೇಲೆ ಆ ಕೆಲಸ ಮಾಡುವುದು ಹಕ್ಕಿಯ ಕೊಕ್ಕು. ವಿಸ್ಕಮ್ ಹೂವಾದರೆ ಹುಡುಕಬೇಕು. ಹಸಿರು ಚುಕ್ಕೆಯಷ್ಟೇ ಇರುತ್ತದೆ, ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳೆಯುವ ರೀತಿಯೂ ಬೇರೆ. ಬಂದಳಿಕೆಯ ಬೇರು ಕೊಂಬೆಯ ಮೇಲೆ ಹಗ್ಗದ ಹಾಗೆ ಹರಿದು, ಹೋದಲ್ಲೆಲ್ಲ ಹೀರುಬೇರು ಇಳಿಸುತ್ತದೆ. ವಿಸ್ಕಮ್ ಹೊರಗೆ ಹರಿಯುವುದಿಲ್ಲ, ಇಳಿದ ಜಾಗದಲ್ಲೇ ಒಳಗೆ ಹಬ್ಬುತ್ತದೆ.

ಹೆಸರಿನ ಕಥೆ ಇನ್ನೂ ಗೋಜಲು. ಹಳೆಯ ಪುಸ್ತಕಗಳಲ್ಲಿ ಬಂದಳಿಕೆ ಲೊರಾಂಥಸ್. ತೋಟಗಾರಿಕೆಯವರ ಬಾಯಲ್ಲಿ ಈಗಲೂ ಅದೇ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಮಗ ಇದನ್ನು ಲೊರಾಂಥಸ್ ಫಾಲ್ಕೇಟಸ್ ಅಂತ ಕರೆದಿದ್ದ. ಫಾಲ್ಕೇಟ ಅಂದರೆ ಕುಡುಗೋಲಿನ ಹಾಗೆ ಬಾಗಿದ್ದು. ಆಮೇಲೆ ಡೆಂಡ್ರೊಫ್ತೋಯಿ ಕುಲಕ್ಕೆ ಬಂತು, ಕುಟುಂಬ ಮಾತ್ರ ಲೊರಾಂಥೇಸಿಯೇ. ವಿಸ್ಕಮ್‌ಗೆ ಮೊದಲು ವಿಸ್ಕೇಸಿ ಅಂತ ಬೇರೆ ಕುಟುಂಬವೇ ಇತ್ತು. ಈಗ ತುಂಬ ಕಡೆ ಬಳಸುವ, ಡಿಎನ್‌ಎ ನೋಡಿ ಹೂಗಿಡಗಳನ್ನು ವಿಂಗಡಿಸುವ ಎಪಿಜಿ ಪದ್ಧತಿಯಲ್ಲಿ ಅದು ಸ್ಯಾಂಟಲೇಸಿಗೆ, ಅಂದರೆ ನಮ್ಮ ಶ್ರೀಗಂಧದ ಕುಟುಂಬಕ್ಕೆ ಸೇರಿದೆ. ಶ್ರೀಗಂಧವೂ ಪರಾವಲಂಬಿಯೇ ಅಲ್ವಾ? ನೆಲದೊಳಗೆ ಪಕ್ಕದ ಗಿಡದ ಬೇರು ಹಿಡಿಯುತ್ತದೆ, ಅದಕ್ಕೇ ನರ್ಸರಿಯವರು ಅದರ ಸಸಿ ಜೊತೆ ತೊಗರಿ ಹಾಕುತ್ತಾರೆ. ಮರದ ಮೇಲಿನ ಈ ಪೊದೆ, ಅದರ ಮೇಲಿನ ಪುಟ್ಟ ವಿಸ್ಕಮ್, ಪರಿಮಳದ ಆ ಮರ, ಮೂರೂ ಸ್ಯಾಂಟಲೇಲ್ಸ್ ಎಂಬ ಒಂದೇ ಗಣದವು, ಗಣ ಅಂದರೆ ಹತ್ತಿರದ ಕುಟುಂಬಗಳ ಗುಂಪು. ಇದನ್ನು ಮೊದಲು ಓದಿದಾಗ ಎಷ್ಟು ಖುಷಿಯಾಗಿತ್ತು ಅಂದರೆ, ಮನೆಗೆ ಹೋಗಿ ಅಮ್ಮನಿಗೆಲ್ಲ ಹೇಳಿದ್ದೆ.

ಅವತ್ತಿನಿಂದ ನಾನು ಕೂಡು ಜಾಗ ಇಲ್ಲದೆ ಬಂದಳಿಕೆ ತರುವುದಿಲ್ಲ. ಕೈಗೆಟುಕದಿದ್ದರೆ ಏಣಿ ತರಿಸುತ್ತೇನೆ, ಇಲ್ಲ ಬೇರೆ ಮರ ಹುಡುಕುತ್ತೇನೆ. ಆಸರೆ ಮರದ ಎಲೆ ಇರುವ ಕಡ್ಡಿಯನ್ನೂ ಸೇರಿಸಿ ಕತ್ತರಿಸಬೇಕು. ಡೆಂಡ್ರೊಫ್ತೋಯಿ ಫಾಲ್ಕೇಟ ಸುಮಾರು 400 ಜಾತಿಯ ಗಿಡಮರಗಳ ಮೇಲೆ ಸಿಕ್ಕಿದೆ, ಆದ್ದರಿಂದ ಸುಮ್ನೆ ಊಹಿಸಿ ಬರೆಯುವ ಹಾಗಿಲ್ಲ. ಹೂವಿನ ಬಣ್ಣವನ್ನು ಮರದ ಕೆಳಗೇ ಬರೆದುಕೊಳ್ಳಿ, ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಇನ್ನೊಂದು ವಿಷಯ. ಈ ಗಿಡಗಳನ್ನು ಹಾಗೇ ಪ್ರೆಸ್‌ಗೆ ಹಾಕಿದರೆ ಎಲೆ, ಹೂ ಕಳಚಿ ಬಿದ್ದು ಬರೀ ಕಡ್ಡಿ ಉಳಿಯುತ್ತದೆ. ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೀರು ಒರೆಸಿ, ಆಮೇಲೆ ಒತ್ತಿ. ಪೇಪರ್ ಬದಲಿಸುವುದಂತೂ ಜಾಸ್ತಿಯೇ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹಣ್ಣಿನ ಒಳಗಿನ ಅಂಟು ಹಾಳೆಗೆಲ್ಲ ಹತ್ತುತ್ತದೆ. ಬೀಜ ಕೊಂಬೆಗೆ ಅಂಟಿಕೊಳ್ಳುವುದು ಆ ಅಂಟಿನಿಂದಲೇ. ಹಣ್ಣು ತಿಂದ ಪುಟ್ಟ ಬದನಿಕೆ ಹಕ್ಕಿ ಹಿಕ್ಕೆಯ ಜೊತೆ ಬಂದ ಬೀಜವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ, ಬಿತ್ತನೆ ಅಲ್ಲೇ ಆಯಿತು.

ನಮ್ಮೂರಲ್ಲಿ ನಾಟಿ ಔಷಧಿ ಕೊಡುವ ಅಜ್ಜ ಒಬ್ಬರಿದ್ದರು. ಯಾರಾದರೂ ಬಂದಳಿಕೆ ತಂದರೆ ಮೊದಲು ಕೇಳುತ್ತಿದ್ದದ್ದು “ಯಾವ ಮರದ್ದು?” ಅಂತ. ಹುಣಸೆಯದು ಬೇರೆ, ಹೊಂಗೆಯದು ಬೇರೆ ಅವರಿಗೆ. ಔಷಧಿಯ ವಿಷಯ ನಾನು ಹೇಳಲಾರೆ. ಆದರೆ ಮೇಡಂ ಬಾಯಲ್ಲಿ ಅದೇ ಪ್ರಶ್ನೆ ಬಂದಾಗ ಅಜ್ಜ ನೆನಪಾಗಿದ್ದರು.

ನನ್ನ ಆ ಹಾಳೆ ಈಗ ಎರಡಾಗಿದೆ. ಎರಡೂ ಬೇರೆ ಬೇರೆ ಬೀರುವಿನಲ್ಲಿವೆ. ಚಿಕ್ಕೆಲೆಯ ಹಾಳೆಯ ಲೇಬಲ್ ಮೇಡಂ ಎದುರಿಗೇ ಕೂತು ಹೊಸದಾಗಿ ಬರೆದೆ: ‘ಬಂದಳಿಕೆಯ ಮೇಲೆ. ಬಂದಳಿಕೆ ಮಾವಿನ ಮೇಲೆ.’