ಬಿಜೈಯ ಹಡಗಿನ ಮನೆ

ಉಡುಪಿಯಿಂದ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿನ ಲಾಲ್‌ಬಾಗಿನಲ್ಲಿ ಇಳಿದೆವು, ನಾನು ಮತ್ತು ಮಗಳು. ಬಿಜೈ ಕಡೆ ನಡೆಯುವಾಗ ಒಂದು ಹಳೇ ಮನೆ ಕೆಡವುತ್ತಿದ್ದರು. ರಸ್ತೆ ಬದಿಯಲ್ಲಿ ಹೆಂಚಿನ ರಾಶಿ. ಮಗಳು ಒಂದನ್ನು ಎತ್ತಿ ಪಾಚಿ ಒರೆಸಿದಳು. ಬಾಸೆಲ್ ಮಿಶನ್ ಅಂತ ಅಚ್ಚು, ಜೊತೆಗೆ 1865. "ಅಮ್ಮ, ಇದು ಅಷ್ಟು ಹಳೇದಾ?" ಅಂದಳು. ಅದು ಹೆಂಚು ಸುಟ್ಟ ವರ್ಷ ಅಲ್ಲ, ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಆ ಕ್ರೈಸ್ತ ಮಿಶನರಿಗಳ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಅಂತ ಹೇಳಿದೆ. ಕದ್ರಿಯಲ್ಲಿದ್ದ ನಮ್ಮ ಅಜ್ಜನ ಮನೆಗೂ ಇದೇ ಹೆಂಚಿತ್ತು. ಪಾಲಾಗುವಾಗ ಮಾರಿದರು. ಈಗ ಅಲ್ಲಿ ಫ್ಲ್ಯಾಟುಗಳು. ನಾನು ಆಡಿ ಬೆಳೆದ ಅಂಗಳಕ್ಕೆ ಕಾಲಿಡಬೇಕಾದರೆ ಗೇಟಿನಲ್ಲಿ ಹೆಸರು ಬರೆಯಬೇಕು.

ನಾವು ನೋಡಲು ಹೊರಟಿದ್ದ ಬಂಗಲೆಗೆ ಆ ಗತಿ ಬರಲಿಲ್ಲ. ಊರವರು ಬಿಜೈ ಮ್ಯೂಸಿಯಂ ಅನ್ನುತ್ತಾರೆ. ಪೂರ್ತಿ ಹೆಸರು ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಇದು ಕರ್ನಲ್ ವಿ.ಆರ್. ಮಿರಾಜ್‌ಕರ್ ಅವರ ಮನೆಯಾಗಿತ್ತು. ದೇಶ ಇಬ್ಭಾಗವಾಗುವ ಮೊದಲು ಲಾಹೋರಿನ ಕಿಂಗ್ ಎಡ್ವರ್ಡ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ ಸರ್ಜನ್ ಅವರು. ಇಷ್ಟು ದೊಡ್ಡ ಮನೆಯನ್ನು ಸರಕಾರಕ್ಕೆ ಕೊಟ್ಟುಬಿಟ್ಟರು. 1960ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಶ್ರೀಮಂತಿ ಬಾಯಿ ಅಂದರೆ ಮಿರಾಜ್‌ಕರ್ ಅವರ ತಾಯಿ. ತನ್ನ ಹೆಸರು ಬೇಡ, ಅಮ್ಮನ ಹೆಸರಿರಲಿ ಅಂದವರ ಬಗ್ಗೆ ನನಗೆ ತುಂಬಾ ಗೌರವ.

ಮನೆ ಇರುವುದೇ ಹಡಗಿನ ಆಕಾರದಲ್ಲಿ. ಮಗಳು ಅಂಗಳದ ತುದಿಗೆ ಓಡಿ ಅಲ್ಲಿಂದ ನೋಡಿದಳು, ಆಮೇಲೆ ಇನ್ನೊಂದು ಕಡೆಯಿಂದ. ಒಳಗೆ ಕಲ್ಲಿನ ಮೂರ್ತಿಗಳು, ಮರದ ಕೆತ್ತನೆ, ಹಳೇ ಆಯುಧಗಳು. ಮರದ ಕೆತ್ತನೆಯ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಹಿಂದೆ ಯಾರೋ ಊಟ ಮಾಡಿದ, ಮಲಗಿದ ಕೋಣೆಗಳಲ್ಲವಾ ಇವು ಅಂತ ಮನಸ್ಸು ಅತ್ತ ಹೋಗುತ್ತಿತ್ತು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಮಡಿಲಲ್ಲಿ ಬಟ್ಟೆಯ ಚೀಲ.

"ನೋಡಿ ಆಯ್ತಾ ಅಜ್ಜಿ?" ಅಂತ ಕೇಳಿದೆ.

"ಕೆಎಸ್‌ಆರ್‌ಟಿಸಿಯಲ್ಲಿ ನನ್ನ ಬಸ್ಸಿಗೆ ಇನ್ನೂ ಒಂದು ಗಂಟೆ ಉಂಟು. ಅಲ್ಲಿ ಸೆಕೆ. ಸುಮ್ನೆ ಇಲ್ಲಿ ಬಂದು ಕೂತೆ."

ಮಗಳು ಅವರ ಪಕ್ಕದಲ್ಲೇ ಕೂತು ನೀರಿನ ಬಾಟಲಿ ತೆಗೆದಳು.