ಅನ್ನ ಕುದ್ದಿತ್ತು, ಬ್ಯಾಕ್ಟೀರಿಯಾ ಸತ್ತಿರಲಿಲ್ಲ

ಬೆಳಿಗ್ಗೆ ಎಂಟಕ್ಕೆ ಚಿತ್ರಾನ್ನ ಬಡಿಸಿದ್ದರು. ಹತ್ತೂವರೆಗೆ ಮೊದಲ ಫೋನ್ ಬಂತು. ಮಧ್ಯಾಹ್ನದೊಳಗೆ ಹನ್ನೊಂದು ಜನ ವಾಂತಿ ಮಾಡಿಕೊಂಡಿದ್ದರು. ಜ್ವರ ಯಾರಿಗೂ ಇರಲಿಲ್ಲ. ಆಗ ನಾನು ಒಂದು ದೊಡ್ಡ ಅಡುಗೆಮನೆಯ ಲ್ಯಾಬ್‌ನಲ್ಲಿ ಮೈಕ್ರೋಬಯಾಲಜಿಸ್ಟ್. ಹಾಸ್ಟೆಲ್‌ಗಳಿಗೆ ಅಲ್ಲಿಂದಲೇ ಊಟ ಹೋಗುತ್ತಿತ್ತು.

ಮೊದಲು ನೀರಿನ ಮೇಲೆ ಅನುಮಾನ ಬಂತು. ಆಮೇಲೆ ಬಡಿಸಿದವರ ಕೈ ಮೇಲೆ. ಕೊನೆಗೆ ಒಲೆ ಹತ್ತಿರ ಹೋಗಿ ಭಟ್ಟರನ್ನೇ ಕೇಳಿದೆ.

"ಅನ್ನ ರಾತ್ರಿದು ಮೇಡಂ. ಮಿಕ್ಕಿದ್ದನ್ನ ಕೊಪ್ಪರಿಗೆಯಲ್ಲೇ ಮುಚ್ಚಿಟ್ಟಿದ್ವಿ. ಬೆಳಿಗ್ಗೆ ಹಬೆ ಬರೋ ಹಾಗೆ ಬಿಸಿ ಮಾಡಿ ಒಗ್ಗರಣೆಗೆ ಕಲೆಸಿದ್ದೀವಿ. ಅಷ್ಟು ಬಿಸಿಗೆ ಯಾವ ಕ್ರಿಮಿ ಉಳಿಯುತ್ತೆ ಹೇಳಿ?"

ಒಂದು ಕ್ರಿಮಿ ಉಳಿಯುತ್ತದೆ. ಅದನ್ನು ನಾನು ಕಾಲೇಜಿನಲ್ಲೇ ಓದಿದ್ದೆ. ಆದರೆ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ರಾತ್ರಿ ಅನ್ನ ಎಲ್ಲಿರುತ್ತದೆ, ಹೇಗಿರುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ. ದಿನಾ ನೀರು ಪರೀಕ್ಷೆ ಮಾಡುತ್ತಿದ್ದೆ, ಬೇಯುವಾಗಿನ ಬಿಸಿ ಬರೆದಿಡುತ್ತಿದ್ದೆ. ಬೆಂದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ತಪ್ಪು ಅಲ್ಲೇ ಆಗಿತ್ತು.

ಪ್ರತಿ ಅಡುಗೆಯದ್ದೂ ಒಂದೊಂದು ಡಬ್ಬಿ ಫ್ರಿಜ್‌ನಲ್ಲಿ ತೆಗೆದಿಡುತ್ತೇವೆ. ಆ ಚಿತ್ರಾನ್ನವನ್ನು ಮೊಟ್ಟೆಯ ಹಳದಿ ಬೆರೆಸಿದ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಅದರ ಮೇಲೆ ಹಾಕಿದೆ. ಮರುದಿನ ಪ್ಲೇಟ್ ತುಂಬಾ ಗುಲಾಬಿ ಕಾಲೊನಿಗಳು, ಒಂದೊಂದರ ಸುತ್ತಲೂ ಬಿಳಿ ಬಳೆ. ಕಾಲೇಜಿನಲ್ಲಿ ಓದಿದ್ದ ಆ ಬ್ಯಾಕ್ಟೀರಿಯಾ, ಬ್ಯಾಸಿಲಸ್ ಸೀರಿಯಸ್, ಇರುವುದು ಹಾಗೇ. ಇನ್ನೊಂದು ದಿನ ಬಿಟ್ಟು ಸ್ಲೈಡ್ ಮಾಡಿದೆ. ಮ್ಯಾಲಕೈಟ್ ಗ್ರೀನ್ ಬಣ್ಣ ಹಾಕಿ, ಸ್ಲೈಡನ್ನು ಹಬೆಯ ಮೇಲೆ ಐದು ನಿಮಿಷ ಹಿಡಿಯಬೇಕು. ಬಿಸಿ ತಾಗದೆ ಆ ಬಣ್ಣ ಒಳಗೇ ಇಳಿಯುವುದಿಲ್ಲ. ತೊಳೆದು, ಸಾಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೆಂಪು ಕಡ್ಡಿಗಳು ಸಾಲಾಗಿ ಮಲಗಿದ್ದವು. ಒಂದೊಂದರ ಹೊಟ್ಟೆಯೊಳಗೂ ಒಂದು ಹಸಿರು ಕಾಳು.

ಆ ಹಸಿರು ಕಾಳೇ ಸ್ಪೋರ್. ತಿನ್ನಲು ಏನೂ ಸಿಗದಾಗ ಬ್ಯಾಕ್ಟೀರಿಯಾ ಒಳಗೆ ಇದನ್ನು ಕಟ್ಟಲು ಶುರು ಮಾಡುತ್ತದೆ. ತನ್ನ ಡಿಎನ್‌ಎಯ ಒಂದು ಪ್ರತಿಯನ್ನು ಒಂದು ಮೂಲೆಗೆ ಸೇರಿಸಿ, ಸುತ್ತ ಪದರದ ಮೇಲೆ ಪದರ ಹೊದಿಸುತ್ತದೆ. ಒಳಗಿನ ನೀರನ್ನು ಬಹಳ ಕಡಿಮೆ ಮಾಡುತ್ತದೆ. ನೀರಿನ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ತುಂಬಿಕೊಳ್ಳುತ್ತವೆ. ಕೊನೆಗೆ ಹೊರಗಿನ ತಾಯಿ ಕೋಶ ಸತ್ತು ಒಡೆಯುತ್ತದೆ, ಸ್ಪೋರ್ ಮಾತ್ರ ಉಳಿಯುತ್ತದೆ. ಅದು ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ, ಸುಮ್ನೆ ಕಾಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಅಚ್ಚರಿಯೇ.

ಈ ಸ್ಪೋರ್ ನಮ್ಮ ಒಲೆಯ ಮೇಲೆ ಹುಟ್ಟಿದ್ದಲ್ಲ. ಗದ್ದೆಯ ಮಣ್ಣಿನಿಂದ ಅಕ್ಕಿಯ ಜೊತೆಗೇ ಬಂದಿರುತ್ತದೆ. ಅನ್ನ ಕುದಿಯುವಾಗ ಉಳಿದ ಕ್ರಿಮಿಗಳು ಹೆಚ್ಚುಕಡಿಮೆ ಎಲ್ಲ ಸಾಯುತ್ತವೆ. ಇದು ಸಾಯುವುದಿಲ್ಲ, ಬದಲಿಗೆ ಆ ಬಿಸಿಯೇ ಇದನ್ನು ಎಬ್ಬಿಸುತ್ತದೆ. ಎದ್ದು ನೋಡಿದರೆ ಪೈಪೋಟಿಗೆ ಯಾರೂ ಇಲ್ಲ, ಸುತ್ತ ಬೆಚ್ಚಗಿನ ಅನ್ನ. ಅರ್ಧ ಗಂಟೆಗೊಮ್ಮೆ ಎರಡು ಪಟ್ಟು ಆದರೂ ಆರು ಗಂಟೆಯಲ್ಲಿ ಒಂದು ಹೋಗಿ 4096 ಆಗುತ್ತದೆ. ಹಾಗೆ ಬೆಳೆಯುತ್ತಾ ಸೆರುಲೈಡ್ ಅನ್ನುವ ವಿಷವನ್ನು ಅನ್ನಕ್ಕೆ ಬಿಡುತ್ತದೆ. ಅದು 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಕೆಡುವುದಿಲ್ಲ. ಭಟ್ಟರ ಹಬೆಯಲ್ಲಿ ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಹಾಗೇ ಇತ್ತು. ತಿಂದ ಎರಡೂವರೆ ಗಂಟೆಗೇ ವಾಂತಿ ಶುರುವಾಗಿದ್ದು ಅದಕ್ಕೇ. ಬೆಳಿಗ್ಗೆ ನಿಂಬೆಹಣ್ಣು ಎಷ್ಟು ಹಿಂಡಿದರೂ ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿತ್ತು.

1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೈನೀಸ್ ಹೋಟೆಲುಗಳಲ್ಲೂ ಇದೇ ಆಗಿತ್ತು. ಫ್ರಿಜ್‌ನಲ್ಲಿಟ್ಟರೆ ಅನ್ನ ಅಂಟಿಕೊಳ್ಳುತ್ತದೆ, ಹುರಿಯಲು ಬರುವುದಿಲ್ಲ ಅಂತ ಬೇಯಿಸಿ ಹೊರಗೇ ಬಿಡುತ್ತಿದ್ದರು.

"ನಮ್ಮಜ್ಜಿ ತಂಗಳನ್ನ ತಿಂದೇ ಎಂಬತ್ತು ವರ್ಷ ಬದುಕಿದ್ರಲ್ಲ" ಅಂತ ಭಟ್ಟರು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಯ ತಪ್ಪಲೆಯ ಅನ್ನ ಬೇಗ ಆರುತ್ತದೆ. ನೀರೋ ಮಜ್ಜಿಗೆಯೋ ಹಾಕಿಟ್ಟರೆ ಹುಳಿ ಬರುತ್ತದೆ, ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ನಮ್ಮ ಕೊಪ್ಪರಿಗೆಯ ಕಥೆ ಬೇರೆ. ಆ ರಾತ್ರಿಯೇ ಒಂಬತ್ತಕ್ಕೆ ಇಳಿಸಿದ ಅನ್ನದ ನಡುವೆ ಥರ್ಮಾಮೀಟರ್ ಚುಚ್ಚಿಟ್ಟು ಅಲ್ಲೇ ಕೂತೆವು. ಮೇಲಿನ ಅನ್ನ ತಣ್ಣಗಾಗಿತ್ತು. ಎರಡು ಗಂಟೆ ರಾತ್ರಿಯಲ್ಲೂ ನಡುವೆ 43 ಡಿಗ್ರಿ! ಭಟ್ಟರು ಮುಳ್ಳನ್ನು ನೋಡಿದರು, ಅನ್ನದೊಳಗೆ ಕೈ ಇಟ್ಟು ನೋಡಿದರು, ಏನೂ ಮಾತಾಡಲಿಲ್ಲ.

ಬಿಸಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದಾದರೆ 5ಕ್ಕಿಂತ ಕೆಳಗೆ. ನಡುವಿನ ದಾರಿಯನ್ನು ಬೇಗ ದಾಟಿಸಬೇಕು: 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ಇದನ್ನು ಗೋಡೆಗೆ ಅಂಟಿಸಿದರೆ ಆಗುವುದಿಲ್ಲ, ಅಗಲವಾದ ಪಾತ್ರೆ ಬೇಕು. ಮ್ಯಾನೇಜರ್ ಹತ್ತಿರ ಮೂರು ಸಲ ಹೋಗಿ ಇಪ್ಪತ್ತು ಪರಾತ ತರಿಸಿದೆ. ಅನ್ನವನ್ನು ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗೆ ಆರಿಸಿ ಕೋಲ್ಡ್ ರೂಮಿಗೆ ಕಳಿಸುತ್ತೇವೆ. ಮಿಕ್ಕಿದ್ದು ಜಾಸ್ತಿಯಾಗಿ ಪರಾತ ಸಾಲದಿದ್ದರೆ ಎಸೆಯುತ್ತೇವೆ. ಎಸೆಯುವಾಗ ಭಟ್ಟರಿಗೆ ಈಗಲೂ ಸಂಕಟ ಆಗುತ್ತದೆ, ನನಗೂ ಆಗುತ್ತದೆ.

ಹೋದ ವಾರ ರಾತ್ರಿ ಹತ್ತೂವರೆಗೆ ಅವರ ಫೋನ್ ಬಂತು. "ಮೇಡಂ, ಮೂರನೇ ಪರಾತದ ನಡುವೆ ಇನ್ನೂ ಮೂವತ್ತೆಂಟಿದೆ. ಇನ್ನೊಂದಕ್ಕೆ ಹಂಚಿ ಹರಡಲಾ?"