ಗುಜರಿ ಡಬ್ಬ ನೋಡಿ ಆರಿಸಿದ ಐಟಿಐ

ಜೂನ್ 11, 2025, ಬುಧವಾರ
ತುಮಕೂರು

ಇವತ್ತು ರಜೆ ಹಾಕಿ ಅಕ್ಕನ ಮಗನ ಜೊತೆ ಎರಡು ಐಟಿಐ ಸುತ್ತಿ ಬಂದೆ. ಹುಡುಗ ಎಸ್ಸೆಸ್ಸೆಲ್ಸಿ ಪಾಸು. ಪಿಯುಸಿ ಬೇಡವಂತೆ, ಪ್ಲಂಬಿಂಗ್ ಕಲಿಯುತ್ತಾನಂತೆ. "ನಲ್ಲಿ ರಿಪೇರಿ ಮಾಡೋಕೆ ಇಷ್ಟು ಓದಿಸಬೇಕಿತ್ತೇನೋ?" ಅಂತ ಅಕ್ಕ ಬೆಳಿಗ್ಗೆಯೇ ಫೋನಲ್ಲಿ ನನ್ನನ್ನು ಬೈದಳು. ಹೋದ ತಿಂಗಳು ಸಂಪಿನ ಲೈನ್ ಒಡೆದು, ಪ್ಲಂಬರ್ ಸಿಗದೆ ನಾಲ್ಕು ದಿನ ಬಿಂದಿಗೆ ಹೊತ್ತಿದ್ದು ಮರೆತೇ ಹೋಗಿದೆ. ಕೊನೆಗೆ ಬಂದವನು ಒಡಿಶಾದ ಕೇಂದ್ರಾಪಾಡದವನು. ಆ ಜಿಲ್ಲೆಯ ಪ್ಲಂಬರ್‌ಗಳು ದೇಶದ ತುಂಬ ಇದ್ದಾರೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕೆಲಸ ಕಲಿಸೋಕೆಂದೇ ಸರ್ಕಾರದ ಸಂಸ್ಥೆಯಿದೆ.

ಮೊದಲು ಹೋಗಿದ್ದು ಒಂದು ಖಾಸಗಿ ಐಟಿಐಗೆ. ಗೇಟಿನಲ್ಲೇ ದೊಡ್ಡ ಫ್ಲೆಕ್ಸ್, ಎನ್‌ಸಿವಿಟಿ, ಅಂದರೆ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಅಂತ. ಒಳಗೆ ಬಿಡಿಸಿ ಕೇಳಿದರೆ ಅದು ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಮಾತ್ರ! ಮಾನ್ಯತೆ ಒಂದೊಂದು ಟ್ರೇಡಿಗೂ ಬೇರೆ ಬೇರೆ. ಪ್ಲಂಬರ್‌ಗೆ ಅವರೇ ಅಚ್ಚು ಹಾಕಿಸಿದ ಸರ್ಟಿಫಿಕೇಟ್. ನಾಳೆ ರೈಲ್ವೆ ಅಪ್ರೆಂಟಿಸ್‌ಗೆ ಅರ್ಜಿ ಹಾಕುವಾಗ ಅದನ್ನು ಯಾರು ಕೇಳ್ತಾರೆ? ವರ್ಕ್‌ಶಾಪಿನಲ್ಲಿ ಪೈಪ್ ರೆಂಚಿನ ಬಣ್ಣ ಕೂಡ ಹೋಗಿರಲಿಲ್ಲ. ಗುಜರಿ ಡಬ್ಬದಲ್ಲಿ ಬರೀ ಟೀ ಕಪ್ಪು.

ಮೂರು ತಿಂಗಳ ಕೋರ್ಸಿನವರೂ ಫೋನ್ ಮಾಡಿದ್ದರು. ಆಗಲೇ ಕೆಲಸ ಗೊತ್ತಿರುವವರಿಗೆ ಅದು ಸರಿ, ಇವನಿಗೆ ಬೇಡ ಅಂದೆ.

ಸರ್ಕಾರಿ ಐಟಿಐಯಲ್ಲಿ ಒಂದು ವರ್ಷದ ಕೋರ್ಸು. ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಯಿತೋ. ಆದರೆ ಗುಜರಿ ಡಬ್ಬ ತುಂಬಿ ತುಳುಕುತ್ತಿತ್ತು. ತುಂಡು ಜಿಐ ಪೈಪುಗಳು, ಓರೆಯಾಗಿ ಅಂಟಿದ ಸಿಪಿವಿಸಿ ಎಲ್ಬೋಗಳು, ಉಂಡೆಗಟ್ಟಿದ ಥ್ರೆಡ್ ಟೇಪು. ಇಲ್ಲಿ ಹುಡುಗರ ಕೈಗೆ ಸಾಮಾನು ಕೊಡ್ತಾರೆ, ಕೆಡಿಸೋಕೂ ಬಿಡ್ತಾರೆ. ನನಗೆ ಅಷ್ಟು ಸಾಕಾಯಿತು.

ಮೇಷ್ಟ್ರು ಸುಮ್ನೆ ನೋಡೋಕೆ ಬಂದ ಇವನ ಕೈಗೇ ಡೈ ಕೊಟ್ಟರು, ಪೈಪಿನ ತುದಿಗೆ ತಿರುಪಿನ ಗೆರೆ (ಥ್ರೆಡ್) ಕೊರೆಯುವ ಸಾಧನ. ಅರ್ಧ ಇಂಚಿನ ಪೈಪು, ಇಂಚಿಗೆ 14 ಥ್ರೆಡ್. "ಮುಂದಕ್ಕೆ ತಿರುಗಿಸು. ಈಗ ಸ್ವಲ್ಪ ಹಿಂದಕ್ಕೆ ಬಿಡು, ಚೂರು ಉದುರಲಿ. ಎಣ್ಣೆ ಹಾಕಪ್ಪಾ, ಜಿಪುಣತನ ಮಾಡಬೇಡ." ಹತ್ತು ನಿಮಿಷಕ್ಕೆ ಹುಡುಗನ ಅಂಗಿ ಬೆನ್ನಿಗೆ ಅಂಟಿತ್ತು. ಟೇಪ್ ಸುತ್ತಿ, ಸಾಕೆಟ್ ಕೂರಿಸಿ, ಪಂಪಿನಲ್ಲಿ ನೀರು ಒತ್ತಿದರು. ಗೇಜಿನ ಮುಳ್ಳು ಮೇಲೇರಿ ಮೆಲ್ಲಗೆ ಇಳಿಯತೊಡಗಿತು. ಸಾಕೆಟ್ಟಿನ ಬಾಯಲ್ಲಿ ಒಂದು ಹನಿ ಮೂಡಿತು, ಆಮೇಲೆ ಇನ್ನೊಂದು.

"ಟೇಪ್ ಉಲ್ಟಾ ಸುತ್ತಿದ್ದೀಯ. ನೀನು ಟೈಟ್ ಮಾಡ್ತಾ ಹೋದ ಹಾಗೆ ಅದು ಬಿಚ್ಚಿಕೊಂಡಿದೆ."

ಬಸ್ಸಿನಲ್ಲಿ ಅವನು ಮಾತೇ ಆಡಲಿಲ್ಲ. ಟಿಕೆಟನ್ನು ಬೆರಳಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸುತ್ತುತ್ತಾ ಕೂತಿದ್ದ.

ನಾಳೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಟಿಸಿ ಇನ್ನೂ ಸ್ಕೂಲಲ್ಲೇ ಇದೆ. ಅಕ್ಕನಿಗೆ ಫೋನ್ ಮಾಡುವ ಕೆಲಸ ಅವನಿಗೇ ವಹಿಸಿದ್ದೇನೆ.